ಹಸುವಿಗೆ ವಿಮೆ ಇದೆ, ಹಾಲು ಕರೆಯುವ ಕೈಗೆ?

ಮಿಶ್ರತಳಿ ಹಸು ತಂದ ಮೇಲೆ ನಾವು ಮೊದಲು ಮಾಡುವ ಕೆಲಸಗಳಲ್ಲಿ ಒಂದು, ಅದರ ಕಿವಿಗೆ ಓಲೆ ಹಾಕಿಸಿ ವಿಮೆ ಮಾಡಿಸುವುದು. ಹಸು ಸತ್ತರೆ ಸಾಲವಾದರೂ ತೀರಲಿ ಎಂಬ ಮುನ್ನೆಚ್ಚರಿಕೆ ಅದು. ಆದರೆ ಅದೇ ಹಸುವಿಗೆ ಮೇವು ಹಾಕಿ, ಸಗಣಿ ಬಾಚಿ, ಎರಡು ಹೊತ್ತು ಹಾಲು ಕರೆದು ಡೇರಿಗೆ ಹಾಕುವ ಹೆಣ್ಣುಮಗಳು ಆಸ್ಪತ್ರೆ ಸೇರಿದರೆ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿ. ಹೆಚ್ಚಿನ ಮನೆಗಳಲ್ಲಿ ಉತ್ತರ ಒಂದೇ: ಒಡವೆ ಅಡವಿಡುವುದು, ಕೈಸಾಲ ಮಾಡುವುದು, ಅದೂ ಸಾಲದಿದ್ದರೆ ಹಾಲು ಕೊಡುತ್ತಿರುವ ಹಸುವನ್ನೇ ಮಾರುವುದು. ಹಸು ಮಾರಿದ ಮನೆಗೆ ಕಾಯಿಲೆ ವಾಸಿಯಾದರೂ ಬಟವಾಡೆ ನಿಂತುಹೋಗಿರುತ್ತದೆ.

ಆರೋಗ್ಯ ವಿಮೆ ಎಂದರೆ ಕಂಪನಿಯ ಪಾಲಿಸಿ ಎಂದೇ ಹಲವರ ಎಣಿಕೆ. ಕಂಪನಿ ಪಾಲಿಸಿಯಲ್ಲಿ ವಯಸ್ಸು ಏರಿದಂತೆ ಕಂತೂ ಏರುತ್ತದೆ. ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿ.ಪಿ.ಯಂಥವುಗಳ ಚಿಕಿತ್ಸೆಗೆ ಮೂರು ವರ್ಷದವರೆಗೂ ಕಾಯಬೇಕೆಂಬ ಷರತ್ತು ಇರಬಹುದು. ಅತ್ತೆ, ಮಾವ, ಮಕ್ಕಳು ಇರುವ ಕುಟುಂಬಕ್ಕೆ ಎರಡು ಹಸುವಿನ ಹಾಲಿನ ಹಣದಲ್ಲಿ ಅದನ್ನು ಕಟ್ಟುವುದು ಕಷ್ಟ. ಹಾಗೆಂದು ಕೈಚೆಲ್ಲಿ ಕೂರಬೇಕಿಲ್ಲ. ಸಹಕಾರ ಸಂಘದ ಸದಸ್ಯೆಯರಿಗೆ ಬೇರೆ ದಾರಿಗಳಿವೆ. ಒಲೆಗೆ ಮೂರು ಕಲ್ಲು ಇರುವಂತೆ ಇದಕ್ಕೂ ಮೂರು ಆಸರೆ ಬೇಕು. ಒಂದೇ ಕಲ್ಲನ್ನು ನಂಬಿದರೆ ಪಾತ್ರೆ ಉರುಳುತ್ತದೆ.

ಮೊದಲನೆಯದು: ಯಶಸ್ವಿನಿ

ಯಶಸ್ವಿನಿ ಹುಟ್ಟಿದ್ದೇ ಸಹಕಾರ ಸಂಘಗಳ ಬಲದ ಮೇಲೆ. ಹೃದಯತಜ್ಞ ಡಾ. ದೇವಿ ಶೆಟ್ಟಿ ಅವರ ಆಲೋಚನೆ ಮತ್ತು ರಾಜ್ಯದ ಸಹಕಾರ ಇಲಾಖೆಯ ಮುತುವರ್ಜಿಯಿಂದ 2003ರ ಜೂನ್‌ನಲ್ಲಿ ಇದು ಜಾರಿಗೆ ಬಂತು. ಆಗ ಒಬ್ಬರಿಗೆ ತಿಂಗಳಿಗೆ 5 ರೂಪಾಯಿ, ಎಂದರೆ ವರ್ಷಕ್ಕೆ 60 ರೂಪಾಯಿ ವಂತಿಗೆ. ಅದಕ್ಕೆ ಸರ್ಕಾರವೂ ತನ್ನ ಪಾಲು ಸೇರಿಸಿತು. ನಡುವೆ ವಿಮಾ ಕಂಪನಿ ಇರಲಿಲ್ಲ. ಸದಸ್ಯರ ಹಣ ಒಂದು ಟ್ರಸ್ಟಿಗೆ ಸೇರುತ್ತಿತ್ತು, ಆ ಟ್ರಸ್ಟೇ ಆಸ್ಪತ್ರೆಗಳಿಗೆ ಹಣ ಪಾವತಿಸುತ್ತಿತ್ತು.

ಇಷ್ಟು ಕಡಿಮೆ ಹಣದಲ್ಲಿ ಇದು ಹೇಗೆ ನಡೆಯಿತು? ನಮ್ಮ ಡೇರಿಯ ಲೆಕ್ಕವೇ ಇದಕ್ಕೂ ಸಲ್ಲುತ್ತದೆ. ಒಬ್ಬಳ ಎರಡು ಲೀಟರ್ ಹಾಲಿಗಾಗಿ ಲಾರಿ ಬರುವುದಿಲ್ಲ, ಊರಿನ ಹಾಲೆಲ್ಲ ಕೂಡಿದರೆ ಬರುತ್ತದೆ. ಲಕ್ಷಾಂತರ ಜನ ಸ್ವಲ್ಪ ಸ್ವಲ್ಪ ಹಾಕಿದಾಗ, ಆ ವರ್ಷ ಶಸ್ತ್ರಚಿಕಿತ್ಸೆ ಬೇಕಾಗುವವರು ಅವರಲ್ಲಿ ಕೆಲವರೇ ಇರುತ್ತಾರೆ. ರೋಗಿಗಳ ಸಂಖ್ಯೆ ಹೆಚ್ಚಾಗುವುದರಿಂದ ಆಸ್ಪತ್ರೆಗಳೂ ನಿಗದಿತ ಕಡಿಮೆ ದರಕ್ಕೆ ಒಪ್ಪಿದವು. ಸದಸ್ಯರ ಪಟ್ಟಿ, ಹಣ ಸಂಗ್ರಹಿಸುವ ವ್ಯವಸ್ಥೆ, ಮನೆಮನೆ ಬಲ್ಲ ಕಾರ್ಯದರ್ಶಿ, ಇವೆಲ್ಲ ಸಹಕಾರ ಸಂಘಗಳಲ್ಲಿ ಮೊದಲೇ ಇದ್ದವು. ಹಳ್ಳಿಯ ಬದುಕನ್ನು ಬಲ್ಲವರೇ ಯೋಜನೆ ಮಾಡಿದ್ದರು ಎನ್ನುವುದಕ್ಕೆ ಅಂದಿನ ಸೌಲಭ್ಯಗಳ ಪಟ್ಟಿ ಸಾಕ್ಷಿ: ಶಸ್ತ್ರಚಿಕಿತ್ಸೆಗಳ ಜೊತೆಗೆ ಹಾವು ಕಡಿತ, ವಿದ್ಯುತ್ ಆಘಾತ, ಕೃಷಿ ಉಪಕರಣದಿಂದಾದ ಗಾಯ, ಎತ್ತು ತಿವಿದ ಗಾಯ ಸಹ ಅದರಲ್ಲಿದ್ದವು.

2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಲೀನ ಮಾಡಲಾಯಿತು. ರೈತರು, ಸಹಕಾರಿಗಳು ಬಿಡದೆ ಕೇಳಿದ ಮೇಲೆ 2022-23ರ ರಾಜ್ಯ ಬಜೆಟ್ಟಿನಲ್ಲಿ ಮರುಜಾರಿ ಘೋಷಣೆಯಾಗಿ, 2023ರ ಜನವರಿಯಿಂದ ಚಿಕಿತ್ಸೆ ಮತ್ತೆ ಆರಂಭವಾಯಿತು. ಮರುಜಾರಿಯಾದಾಗ ಗ್ರಾಮೀಣ ಕುಟುಂಬದ ನಾಲ್ವರಿಗೆ ವರ್ಷಕ್ಕೆ 500 ರೂಪಾಯಿ, ನಾಲ್ವರಿಗಿಂತ ಹೆಚ್ಚಿದ್ದರೆ ತಲಾ 100 ರೂಪಾಯಿ ವಂತಿಗೆ ನಿಗದಿಯಾಯಿತು. ಪರಿಶಿಷ್ಟ ಜಾತಿ ಮತ್ತು ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರವೇ ಭರಿಸಿತು. ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಯೋಜನೆಯ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ, ನೋಂದಾಯಿತ ಆಸ್ಪತ್ರೆಗಳಲ್ಲಿ ನಗದುರಹಿತ ಸೌಲಭ್ಯ.

ನಾಲ್ಕು ಜನರ ಮನೆಗೆ 500 ರೂಪಾಯಿ ಎಂದರೆ ತಲೆಗೆ ವರ್ಷಕ್ಕೆ 125 ರೂಪಾಯಿ. ಒಂದು ಮೂಟೆ ಪಶು ಆಹಾರದ ಬೆಲೆಗೂ ಇಡೀ ಕುಟುಂಬದ ವಂತಿಗೆ ಸಮನಾಗದು. ಆದರೂ ಇದು ತಪ್ಪಿಹೋಗುವುದು ಸಣ್ಣ ಕಾರಣಗಳಿಗೆ. ಆದ್ದರಿಂದ ಈ ಮೂರನ್ನು ಈಗಲೇ ನೋಡಿಕೊಳ್ಳಿ:

ಸದಸ್ಯತ್ವ ಯಾರ ಹೆಸರಿನಲ್ಲಿದೆ? ಹಾಲು ಹಾಕುವುದು ನೀವು, ಷೇರು ಇರುವುದು ತೀರಿಹೋದ ಮಾವನ ಹೆಸರಿನಲ್ಲಿ ಎಂದಾದರೆ ಕಾರ್ಯದರ್ಶಿಯವರಿಗೆ ಅರ್ಜಿ ಕೊಟ್ಟು ಈಗಲೇ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಆಸ್ಪತ್ರೆಗೆ ಹೋಗುವ ದಿನ ಈ ಕೆಲಸ ಆಗುವುದಿಲ್ಲ.

ಅರ್ಜಿಯಲ್ಲಿ ಎಲ್ಲರ ಹೆಸರೂ ಇದೆಯೇ? 100 ರೂಪಾಯಿ ಉಳಿಸಲು ಅತ್ತೆಯ ಹೆಸರನ್ನೋ ಮಗಳ ಹೆಸರನ್ನೋ ಬಿಡಬೇಡಿ. ಹೆಸರಿಲ್ಲದವರಿಗೆ ಸೌಲಭ್ಯವಿಲ್ಲ.

ನವೀಕರಣದ ಕೊನೆಯ ದಿನ ಗೊತ್ತೇ? ಯಶಸ್ವಿನಿ ವರ್ಷ ವರ್ಷ ನವೀಕರಿಸಬೇಕಾದದ್ದು. ಕಳೆದ ವರ್ಷ ಕಟ್ಟಿದ್ದು ಈ ವರ್ಷಕ್ಕೆ ಬಾರದು. ಈ ಸಾಲಿನ ವಂತಿಗೆ, ಕೊನೆಯ ದಿನಾಂಕ ಮತ್ತು ನಿಮ್ಮ ಜಿಲ್ಲೆಯ ಆಸ್ಪತ್ರೆಗಳ ಪಟ್ಟಿಯನ್ನು ಸಂಘದ ಸೂಚನಾ ಫಲಕದಲ್ಲಿ ಹಾಕಿಸಿ.

ಎರಡನೆಯದು: ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ

ಇದಕ್ಕೆ ವಂತಿಗೆ ಇಲ್ಲ. ಪಡಿತರ ಚೀಟಿ ಮತ್ತು ಆಧಾರ್ ಇದ್ದರೆ ಕಾರ್ಡ್ ಮಾಡಿಸಿಕೊಳ್ಳಬಹುದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಸರ್ಕಾರ ನಿಗದಿಪಡಿಸಿದ ದರದ ಶೇ. 30ರಷ್ಟು ಮಾತ್ರ, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ಸಿಗುತ್ತದೆ.

ಈ ವ್ಯತ್ಯಾಸ ಮುಖ್ಯ. ಬಿಪಿಎಲ್ ಚೀಟಿ ಇಲ್ಲದ ಮನೆಗೆ 1 ಲಕ್ಷ ರೂಪಾಯಿ ದರದ ಶಸ್ತ್ರಚಿಕಿತ್ಸೆಯಾದರೆ 70 ಸಾವಿರ ಕೈಯಿಂದಲೇ ಹಾಕಬೇಕು. ಅಂಥ ಕುಟುಂಬಗಳು ಯಶಸ್ವಿನಿಯನ್ನು ಯಾವ ಕಾರಣಕ್ಕೂ ಬಿಡಬಾರದು.

ಇನ್ನೊಂದು ಮಾತು. ಈ ಯೋಜನೆಯಲ್ಲಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರು ಶಿಫಾರಸು ಪತ್ರ ಕೊಟ್ಟು ನೋಂದಾಯಿತ ಆಸ್ಪತ್ರೆಗೆ ಕಳಿಸುತ್ತಾರೆ. ತುರ್ತು ಸಂದರ್ಭಕ್ಕೆ ವಿನಾಯಿತಿ ಇದೆ. ನೇರವಾಗಿ ಖಾಸಗಿ ಆಸ್ಪತ್ರೆಗೆ ಸೇರಿ, ಬಿಲ್ ಕಟ್ಟಿದ ಮೇಲೆ ಕಾರ್ಡ್ ತೋರಿಸಿದರೆ ಪ್ರಯೋಜನವಿಲ್ಲ. ಯಾವ ಯೋಜನೆಯೇ ಇರಲಿ, ದಾಖಲಾಗುವ ದಿನವೇ ಕೌಂಟರಿನಲ್ಲಿ ಕಾರ್ಡ್ ತೋರಿಸಿ, "ಈ ಚಿಕಿತ್ಸೆ ನಮ್ಮ ಕಾರ್ಡಿಗೆ ಬರುತ್ತದೆಯೇ? ನಾವು ಏನಾದರೂ ಕಟ್ಟಬೇಕೇ?" ಎಂದು ಕೇಳಿ.

ಬ್ಯಾಂಕಿನಲ್ಲಿ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆಯಲ್ಲ ಎಂದು ಕೆಲವರು ನೆಮ್ಮದಿಯಿಂದಿರುತ್ತಾರೆ. ಅದು ಅಪಘಾತದಲ್ಲಿ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಸಿಗುವ ಹಣ. 436 ರೂಪಾಯಿಯ ಜೀವನ್ ಜ್ಯೋತಿ, ಜೀವ ವಿಮೆ. ಎರಡೂ ಇರಲಿ, ಆದರೆ ಇವು ಆಸ್ಪತ್ರೆಯ ಬಿಲ್ ಕಟ್ಟುವುದಿಲ್ಲ.

ಮೂರನೆಯದು: ನಮ್ಮೂರಿನ ಆಪತ್ಕಾಲದ ನಿಧಿ

ಮೇಲಿನ ಎರಡೂ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದಾಗ ನೆರವಾಗುವಂಥವು. ಬಸ್ ಚಾರ್ಜು, ಜೊತೆಯಲ್ಲಿದ್ದವರ ಊಟ, ಮನೆಯಲ್ಲಿ ಹಸು ನೋಡಿಕೊಳ್ಳಲು ಕರೆದ ಆಳಿನ ಕೂಲಿ, ದಾಖಲಾಗದೆ ಮಾಡಿಸುವ ರಕ್ತಪರೀಕ್ಷೆ, ತಿಂಗಳುಗಟ್ಟಲೆ ನುಂಗುವ ಮಾತ್ರೆ, ಇವು ನಮ್ಮ ತಲೆಯ ಮೇಲೇ ಬೀಳುತ್ತವೆ. ನಮ್ಮ ಕಸುಬಿನದೇ ಕಾಯಿಲೆ ಬ್ರುಸೆಲ್ಲೋಸಿಸ್ ತೆಗೆದುಕೊಳ್ಳಿ. ಕಂದು ಹಾಕಿದ ಹಸುವಿನ ಮಾಸು, ಸ್ರಾವ ಬರಿಗೈಲಿ ಮುಟ್ಟುವುದರಿಂದಲೂ, ಕಾಯಿಸದ ಹಾಲು ಕುಡಿಯುವುದರಿಂದಲೂ ಇದು ಮನುಷ್ಯರಿಗೆ ಬರುತ್ತದೆ. ಬಿಟ್ಟು ಬಿಟ್ಟು ಜ್ವರ, ಮೈಕೈ ಕೀಲು ನೋವು. ವಾರಗಟ್ಟಲೆ ಮಾತ್ರೆ ತಪ್ಪದೆ ತೆಗೆದುಕೊಂಡರೆ ವಾಸಿಯಾಗುತ್ತದೆ. ದುಡ್ಡಿಲ್ಲವೆಂದು ನಡುವೆ ನಿಲ್ಲಿಸಿದರೆ ಮರುಕಳಿಸುತ್ತದೆ.

ಇಂಥ ಖರ್ಚಿಗೇ ಸ್ವಸಹಾಯ ಗುಂಪಿನ ಅಥವಾ ಮಹಿಳಾ ಸಂಘದ ಆಪತ್ಕಾಲದ ನಿಧಿ. ಲೆಕ್ಕ ಹಾಕಿ ನೋಡಿ: 40 ಸದಸ್ಯೆಯರು ವಾರಕ್ಕೆ ತಲಾ 10 ರೂಪಾಯಿ ತೆಗೆದಿಟ್ಟರೆ ವಾರಕ್ಕೆ 400, ವರ್ಷದ 52 ವಾರಕ್ಕೆ 20,800 ರೂಪಾಯಿ. ಇದರಿಂದ ಹೃದಯದ ಆಪರೇಷನ್ ಆಗದು ನಿಜ. ಆದರೆ ರಾತ್ರಿ ಹೊತ್ತಿನಲ್ಲಿ 3,000 ರೂಪಾಯಿಗೆ ಸಾಹುಕಾರರ ಬಾಗಿಲು ತಟ್ಟುವುದು ತಪ್ಪುತ್ತದೆ. ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯ ಕೈಸಾಲ 20,000 ತಂದರೆ ವರ್ಷಕ್ಕೆ ಬಡ್ಡಿಯೇ 7,200 ರೂಪಾಯಿ. ಆ ಹಣ ನಮ್ಮ ಸಂಘದಲ್ಲೇ ಉಳಿಯಲಿ.

ನಿಧಿ ಬಾಳಬೇಕಾದರೆ ನಿಯಮ ಮೊದಲು, ಹಣ ಆಮೇಲೆ. ಒಬ್ಬರಿಗೆ ಎಷ್ಟು, ಎಷ್ಟು ಕಂತಿನಲ್ಲಿ ಮರಳಿ ಕಟ್ಟಬೇಕು, ತುರ್ತಿಗೆ ಯಾವ ಮೂವರು ಸೇರಿ ತೀರ್ಮಾನಿಸಬೇಕು, ಎಲ್ಲವನ್ನೂ ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿ. ಹಣ ಬ್ಯಾಂಕ್ ಖಾತೆಯಲ್ಲಿರಲಿ, ಲೆಕ್ಕವನ್ನು ಪ್ರತಿ ಸಭೆಯಲ್ಲಿ ಓದಿ. "ನಿಮ್ಮ ಬಿಲ್ ಪೂರ್ತಿ ನಾವು ಕಟ್ಟುತ್ತೇವೆ" ಎಂಬ ಮಾತು ಮಾತ್ರ ಯಾರಿಗೂ ಕೊಡಬೇಡಿ. ಇದು ವಿಮೆಯಲ್ಲ, ಒಬ್ಬರಿಗೊಬ್ಬರು ಆಗುವ ನೆರವು.

ಹಾಲಿನ ಸಂಘ ಇದಕ್ಕಿಂತ ದೊಡ್ಡದನ್ನೂ ಮಾಡಬಲ್ಲದು ಎಂಬುದಕ್ಕೆ ಗುಜರಾತಿನ ಖೇಡಾ ಜಿಲ್ಲೆ ಉದಾಹರಣೆ. ಅಮುಲ್ ಕಟ್ಟಿದ ತ್ರಿಭುವನದಾಸ್ ಪಟೇಲ್ ಅವರು 1970ರ ದಶಕದಲ್ಲಿ ನಿವೃತ್ತರಾದಾಗ ಹಾಲು ಉತ್ಪಾದಕರು ಕೂಡಿಸಿ ನಿಧಿ ಅರ್ಪಿಸಿದರು. ಅವರು ಅದನ್ನು ಮನೆಗೆ ಒಯ್ಯದೆ ತಾಯಿ-ಮಕ್ಕಳ ಆರೋಗ್ಯಕ್ಕಾಗಿ ತ್ರಿಭುವನದಾಸ್ ಪ್ರತಿಷ್ಠಾನ ಸ್ಥಾಪಿಸಿದರು. ಅಲ್ಲಿ ಹಾಲಿನ ಸಂಘದ ಮೂಲಕವೇ ಊರಿನ ಹೆಣ್ಣುಮಗಳೊಬ್ಬಳು ಆರೋಗ್ಯ ಕಾರ್ಯಕರ್ತೆಯಾಗಿ ತರಬೇತಿ ಪಡೆದು ಮನೆಮನೆಗೆ ಹೋಗುತ್ತಾಳೆ. ನಮ್ಮಲ್ಲೂ ಸಂಘದ ಸಭೆಗೆ ಆಶಾ ಕಾರ್ಯಕರ್ತೆಯನ್ನು ಕರೆದು ಬಿ.ಪಿ., ಸಕ್ಕರೆ ತಪಾಸಣೆಗೆ ಒಂದು ದಿನ ಗೊತ್ತು ಮಾಡುವುದು ಕಷ್ಟವೇನಲ್ಲ. ನಿತ್ಯದ ಮಾತ್ರೆಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ, ಕಡಿಮೆ ಬೆಲೆಯ ಜನೌಷಧಿ ಕೇಂದ್ರಗಳಿವೆ.

ಮುಂದಿನ ಬಟವಾಡೆಯ ದಿನ ಡೇರಿಗೆ ಹೋಗುವಾಗ ಪಡಿತರ ಚೀಟಿ, ಮನೆಯವರೆಲ್ಲರ ಆಧಾರ್ ಪ್ರತಿ ಮತ್ತು ಸಂಘದ ಪಾಸ್ ಪುಸ್ತಕ ಒಯ್ಯಿರಿ. ಸದಸ್ಯತ್ವ ಯಾರ ಹೆಸರಿನಲ್ಲಿದೆ, ಯಶಸ್ವಿನಿ ನವೀಕರಣ ಆಗಿದೆಯೇ ಎಂದು ಕಾರ್ಯದರ್ಶಿಯವರನ್ನು ಕೇಳಿ. ಈ ಕಾಗದಗಳನ್ನೂ ಕಾರ್ಡುಗಳನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಅದು ಎಲ್ಲಿದೆ ಎಂಬುದನ್ನು ಮನೆಯಲ್ಲಿ ಇನ್ನೊಬ್ಬರಿಗಾದರೂ ತೋರಿಸಿ. ಕಾಯಿಲೆ ಬೀಳುವುದು ನೀವೇ ಆದರೆ ಅದನ್ನು ಹುಡುಕಿ ಕೊಡುವವರು ಬೇಕಲ್ಲ.