ರಸಾಯನಶಾಸ್ತ್ರ ಓದಿದ ರೈತರ ಮಕ್ಕಳಿಗೆ ಉದ್ಯೋಗಾವಕಾಶಗಳು

ಪಿ.ಯು.ಸಿ. ಫಲಿತಾಂಶ ಬಂದ ಕೂಡಲೇ ವಿಸ್ತರಣಾ ಕಾರ್ಯಕರ್ತರನ್ನು ರೈತರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಮಗಳು ಬಿ.ಎಸ್‌ಸಿ. ಕೆಮಿಸ್ಟ್ರಿ ಎನ್ನುತ್ತಾಳೆ, ಅವಳ ಮಾವ ಕೆಮಿಕಲ್ ಇಂಜಿನಿಯರಿಂಗ್ ಎನ್ನುತ್ತಾನೆ. ಎರಡೂ ಒಂದೇ ಅಲ್ಲವೇ?" ಒಂದೇ ಅಲ್ಲ. ಇದನ್ನು ತಿಳಿಯದೆ ಜಮೀನಿನ ಮೇಲೆ ಸಾಲ ತಂದು ಶುಲ್ಕ ಕಟ್ಟುವುದು ಸರಿಯಲ್ಲ.

ಆಲೆಮನೆಯನ್ನೇ ತೆಗೆದುಕೊಳ್ಳಿ. ಕಬ್ಬಿನ ಹಾಲಿನ ಹುಳಿ ಎಷ್ಟು, ಸುಣ್ಣ ಎಷ್ಟು ಬೇಕು, ಸಕ್ಕರೆ ಅಂಶ ಎಷ್ಟಿದೆ ಎಂದು ಅಳೆದು ಹೇಳುವುದು ರಸಾಯನಶಾಸ್ತ್ರಜ್ಞನ ಕೆಲಸ. ಇನ್ನು ಹತ್ತು ಪಟ್ಟು ಹಾಲು ಹಿಡಿಯುವ ಕೊಪ್ಪರಿಗೆ ಮಾಡಿಸಿದಿರಿ ಎನ್ನೋಣ. ಆಕಾರ ಅದೇ ಇದ್ದರೆ, ಬೆಂಕಿ ತಾಗುವ ತಳದ ವಿಸ್ತೀರ್ಣ ಐದು ಪಟ್ಟೂ ಆಗುವುದಿಲ್ಲ. ಉರಿ ಹೆಚ್ಚಿಸಿದರೆ ತಳ ಸೀಯುತ್ತದೆ, ಹೆಚ್ಚಿಸದಿದ್ದರೆ ಹಾಲು ಹದಕ್ಕೆ ಬರುವುದಿಲ್ಲ. ಶಾಖ, ಒತ್ತಡ, ಹರಿವುಗಳನ್ನು ಲೆಕ್ಕ ಹಾಕಿ ಇದನ್ನು ಬಗೆಹರಿಸುವವನೇ ಕೆಮಿಕಲ್ ಇಂಜಿನಿಯರ್. 1976ರಲ್ಲಿ ಉತ್ಪಾದನೆ ಆರಂಭಿಸಿದ ಪಣಂಬೂರಿನ ರಸಗೊಬ್ಬರ ಕಾರ್ಖಾನೆಯಂತಹ ಕಡೆ ಅಮೋನಿಯಾ ಮತ್ತು ಇಂಗಾಲದ ಡೈ ಆಕ್ಸೈಡ್‌ಗಳನ್ನು ಅಧಿಕ ಒತ್ತಡದಲ್ಲಿ ಸೇರಿಸಿ ಯೂರಿಯಾ ಮಾಡುವಾಗ ಈತನ ಅವಶ್ಯಕತೆ ಇದೆ. ಸಕ್ಕರೆ ಕಾರ್ಖಾನೆ, ಎಥನಾಲ್ ಘಟಕ, ಔಷಧ ಮತ್ತು ಬಣ್ಣದ ಕಾರ್ಖಾನೆಗಳಲ್ಲಿ ಇಬ್ಬರಿಗೂ ಕೆಲಸವುಂಟು.

ಬಿ.ಎಸ್‌ಸಿ. ಪದವೀಧರರು ಸಾಮಾನ್ಯವಾಗಿ ಪ್ರಯೋಗಾಲಯದಿಂದಲೇ ಆರಂಭಿಸುತ್ತಾರೆ. ಮೊದಲ ಸಂಬಳ ಕಡಿಮೆ, ರಾತ್ರಿ ಪಾಳಿಯೂ ಇರುತ್ತದೆ. ಇದನ್ನು ಮುಚ್ಚಿಡುವುದು ಬೇಡ. ಎಂ.ಎಸ್‌ಸಿ. ಮಾಡಿದವರು, ಅಥವಾ ಕಾನ್ಪುರದ ರಾಷ್ಟ್ರೀಯ ಸಕ್ಕರೆ ಸಂಸ್ಥೆಯಂತಹ ಕಡೆ ಸಕ್ಕರೆ ತಂತ್ರಜ್ಞಾನ ಕಲಿತವರು ಮೇಲೇರುವುದು ಸುಲಭ. ಮಣ್ಣು ಪರೀಕ್ಷಾ ಪ್ರಯೋಗಾಲಯಗಳಲ್ಲಿಯೂ ಇವರಿಗೆ ಸ್ಥಾನವಿದೆ. ಮಲೆನಾಡಿನ ಹುಳಿ ಮಣ್ಣಿಗೂ ಬಯಲುಸೀಮೆಯ ಕ್ಷಾರ ಮಣ್ಣಿಗೂ ರಂಜಕ ಅಳೆಯುವ ವಿಧಾನ ಬೇರೆ ಬೇರೆ. ಅದನ್ನು ಅರಿಯದವರು ಕೊಟ್ಟ ವರದಿ ನಂಬಿ ಗೊಬ್ಬರ ಹಾಕಿದರೆ ನಷ್ಟ ರೈತನದೇ.

ಊರಿನಲ್ಲಿಯೇ ಇರಬಯಸುವವರಿಗೂ ಒಂದು ದಾರಿಯಿದೆ. 2017ರಲ್ಲಿ ತಿದ್ದುಪಡಿಯಾದ ಕೀಟನಾಶಕ ನಿಯಮಗಳು ಮಾರಾಟಗಾರರಿಗೆ ವಿದ್ಯಾರ್ಹತೆ ಗೊತ್ತುಪಡಿಸಿದವು. ಕೃಷಿ ಪದವಿಯೊಂದಿಗೆ ರಸಾಯನಶಾಸ್ತ್ರವಿರುವ ವಿಜ್ಞಾನ ಪದವಿಯೂ ಅದರಲ್ಲಿ ಸೇರಿದೆ. ಡಬ್ಬಿಯ ಮೇಲಿನ ಶೇಕಡಾವಾರು ಪ್ರಮಾಣವನ್ನು ಓದಿ, ಒಂದು ಕ್ಯಾನಿಗೆ ಎಷ್ಟು ಮಿಲಿಲೀಟರ್ ಎಂದು ಲೆಕ್ಕ ಹಾಕಿ ಹೇಳುವ ಅಂಗಡಿಯವರು ನಮ್ಮ ಹಳ್ಳಿಗಳಲ್ಲಿ ಎಷ್ಟು ಜನ ಇದ್ದಾರೆ? ಪರವಾನಗಿಯ ವಿವರಗಳನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.

ಇಂಜಿನಿಯರಿಂಗ್‌ಗೆ ನಾಲ್ಕು ವರ್ಷ ಬೇಕು, ಖರ್ಚೂ ಹೆಚ್ಚು. ಸುರತ್ಕಲ್‌ನ ಎನ್.ಐ.ಟಿ.ಯಲ್ಲಿ ಈ ವಿಭಾಗವಿದೆ. ಆದರೆ ಎಲ್ಲ ಕಾಲೇಜುಗಳಲ್ಲಿ ಇಲ್ಲ. ಸೇರುವ ಮೊದಲು ಹಿಂದಿನ ವರ್ಷಗಳ ವಿದ್ಯಾರ್ಥಿಗಳು ಎಲ್ಲಿ ಕೆಲಸದಲ್ಲಿದ್ದಾರೆ ಎಂದು ಅವರನ್ನೇ ಕೇಳಿರಿ, ಕಾಲೇಜಿನ ಜಾಹೀರಾತನ್ನಲ್ಲ. ಪಿ.ಯು.ಸಿ.ಯಲ್ಲಿ ಗಣಿತ ಬಿಟ್ಟವರಿಗೆ ಇಂಜಿನಿಯರಿಂಗ್ ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ಈ ವಿಚಾರವನ್ನು ಎಸ್.ಎಸ್.ಎಲ್.ಸಿ. ಮುಗಿದ ಬೇಸಿಗೆಯಲ್ಲಿಯೇ ಮನೆಯಲ್ಲಿ ಮಾತನಾಡಿಕೊಳ್ಳಬೇಕು.