ಅಳಿಸೋ ಸಿನಿಮಾ ರಜೆಯಲ್ಲಿ ಯಾಕೆ ನೋಡಬೇಕು? ‘777 ಚಾರ್ಲಿ’ ಬಗ್ಗೆ ಒಂದಿಷ್ಟು ಮಾತು

ರಜೆಯಲ್ಲಿ ಮನೆಮಂದಿಯೆಲ್ಲ ಕೂತು ನೋಡೋಕೆ ಒಂದು ಕನ್ನಡ ಸಿನಿಮಾ ಹೇಳಿ ಅಂತ ಇಲ್ಲಿ ಮಯೂರ್ ವಿಹಾರ್‌ನ ಗೆಳೆಯರು ಕೇಳ್ತಾ ಇರ್ತಾರೆ. ನಾನು ‘777 ಚಾರ್ಲಿ’ ಅಂತೀನಿ. “ಅಯ್ಯೋ, ಅದು ಬರೀ ಅಳು” ಅಂತಾರೆ. ಅಳು ಇದೆ, ನಿಜ. ಆ ಅಳು ಎಲ್ಲಿಂದ ಬರುತ್ತೆ ಅಂತ ಇವತ್ತು ಬಿಡಿಸಿ ನೋಡೋಣ. ಕಥೆ ಸ್ವಲ್ಪ ಹೊರಗೆ ಬರುತ್ತೆ, ಕೊನೆ ಮಾತ್ರ ಹೇಳಲ್ಲ.

ಚಿತ್ರ ಬಿಡುಗಡೆ ಆಗಿದ್ದು 2022ರ ಜೂನ್ 10ರಂದು. ನಿರ್ದೇಶಕರು ಕಾಸರಗೋಡಿನ ಕಿರಣ್‌ರಾಜ್, ನಾಯಕ ಧರ್ಮನ ಪಾತ್ರದಲ್ಲಿ ರಕ್ಷಿತ್ ಶೆಟ್ಟಿ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಇದನ್ನ ನೋಡಿ, ತೀರಿಹೋದ ತಮ್ಮ ನಾಯಿಯನ್ನ ನೆನೆದು ಅತ್ತಿದ್ದು ಸುದ್ದಿಯಾಗಿತ್ತು. 69ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರ ಅನ್ನೋ ಗೌರವವೂ ಇದಕ್ಕೇ ಸಿಕ್ಕಿತು.

ಈ ಚಿತ್ರದಲ್ಲಿ ಎರಡು ದುಃಖಗಳಿವೆ. ಮೊದಲನೆಯದು, ಚಿಕ್ಕಂದಿನಲ್ಲೇ ಅಪಘಾತದಲ್ಲಿ ಧರ್ಮ ಅಪ್ಪ, ಅಮ್ಮ, ತಂಗಿಯನ್ನ ಕಳಕೊಂಡಿದ್ದು. ಅಲ್ಲಿ ಬೀಳ್ಕೊಡೋಕೆ ಸಮಯವೇ ಸಿಗಲಿಲ್ಲ. ಹಾಗಾಗಿ ಬಾಗಿಲು ಹಾಕ್ಕೊಂಡುಬಿಟ್ಟ: ಕಾರ್ಖಾನೆ, ಇಡ್ಲಿ, ಸಿಗರೇಟು, ಚಾಪ್ಲಿನ್. ಎರಡನೆಯದು ಚಾರ್ಲಿಯ ಕ್ಯಾನ್ಸರ್. ಇಲ್ಲಿ ಸಮಯ ಇದೆ. ಚಾರ್ಲಿಗೆ ಹಿಮ ಇಷ್ಟ ಅಂತ ಉತ್ತರಕ್ಕೆ ಹೊರಡ್ತಾನೆ. ಕಾಯಿಲೆ ವಾಸಿ ಆಗಲ್ಲ ಅಂತ ಅವನಿಗೂ ಗೊತ್ತು. ಆದರೆ ಊಟ ಮಾಡಿಸೋದು, ಹೊದಿಸೋದು, ಎತ್ಕೊಂಡು ಹೋಗೋದು ಅಂತ ದಿನಾ ಕೈಗೊಂದು ಕೆಲಸ ಇರುತ್ತೆ. ಮೊದಲ ದುಃಖಕ್ಕೆ ಆ ಕೆಲಸವೇ ಇರಲಿಲ್ಲ.

ಊರು ಬಿಟ್ಟು ಬಂದ ನಮಗೆ ಸಿಗೋದು ಹೆಚ್ಚಾಗಿ ಆ ಮೊದಲ ಥರದ್ದೇ. ನಮ್ಮಜ್ಜಿ ಹೋದ ಸುದ್ದಿ ಬಂದಾಗ ನಾನು ಬೆಳಗಿನ ಮೀಟಿಂಗ್‌ನಲ್ಲಿದ್ದೆ. ವಿಮಾನ ಹಿಡಿದು, ಬಸ್ಸು ಹತ್ತಿ ಊರು ಮುಟ್ಟೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ನೀರು ಕುಡಿಸೋದು, ಕಾಲು ಒತ್ತೋದು ಎಲ್ಲಾ ಬೇರೆಯವರ ಪಾಲಿಗೆ ಹೋಗಿತ್ತು.

ದಯೆ ಬಗ್ಗೆ ಚಿತ್ರ ಹೇಳೋದೂ ಇದನ್ನೇ. ಧರ್ಮ ಮೊದಲು ಒಳ್ಳೆಯವನಾಗಿ ಆಮೇಲೆ ನಾಯಿ ಸಾಕಲಿಲ್ಲ. ಶುರುವಿನಲ್ಲಿ ಚಾರ್ಲಿ ಅವನಿಗೆ ತಲೆನೋವು, ಯಾರಿಗಾದರೂ ದಾಟಿಸಿದರೆ ಸಾಕಾಗಿತ್ತು. ದಿನಾ ನೋಡ್ಕೊಳ್ತಾ ನೋಡ್ಕೊಳ್ತಾ ಪ್ರೀತಿ ಬಂತು.

ಇನ್ನೊಂದು ವಿಷಯ. ಚಿತ್ರ ನೋಡಿದ ಮಕ್ಕಳು ನಾಯಿಮರಿ ಬೇಕು ಅಂತ ಹಟ ಹಿಡಿಯೋದು ಗ್ಯಾರಂಟಿ. ಚಾರ್ಲಿ ತಪ್ಪಿಸಿಕೊಂಡು ಬಂದಿದ್ದು ದುಡ್ಡಿಗಾಗಿ ಮರಿ ಹಾಕಿಸೋ ಕ್ರೂರಿಯ ಹತ್ತಿರದಿಂದ. ಅಂಥವರು ಹತ್ತಿರದ ರಕ್ತಸಂಬಂಧದಲ್ಲೇ ಮರಿ ಹಾಕಿಸ್ತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಪ್ರತಿ ಜೀನ್‌ಗೂ ಒಂದು ಬ್ಯಾಕಪ್ ಇರುತ್ತೆ. ಇಲ್ಲಿ ಬ್ಯಾಕಪ್‌ನಲ್ಲೂ ಅದೇ ಬಗ್ ಇರೋ ಸಾಧ್ಯತೆ ಜಾಸ್ತಿ. 2017ರ ಕೇಂದ್ರ ನಿಯಮದ ಪ್ರಕಾರ ನಾಯಿ ತಳಿ ಬೆಳೆಸಿ ಮಾರೋರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿಯನ್ನ ಮಾರುವಂತಿಲ್ಲ. ಕೊಳ್ಳೋದಾದರೆ ಆ ಪತ್ರ ಕೇಳಿ. ನಿಮ್ಮ ಬ್ಲಾಕಿನ ಬೀದಿ ಮರಿಯನ್ನೇ ಮನೆಗೆ ತಂದರೆ ಇನ್ನೂ ಒಳ್ಳೆಯದು.

ಹಾಗೇ ಈ ಸಲ ರಜೆಗೆ ಮನಾಲಿ ಬುಕ್ ಮಾಡೋ ಮೊದಲು ಊರಿನ ಟಿಕೆಟ್ ಒಂದು ಸಲ ನೋಡಿ. ವಯಸ್ಸಾದವರ ಹತ್ತಿರ ನಾಲ್ಕು ದಿನ ಇದ್ದು ಬನ್ನಿ. ಮಾಡೋಕೆ ಕೆಲಸ ಇದ್ದೇ ಇರುತ್ತೆ.