ಆದೇಶ ಹಾನಗಲ್ಲಿನಲ್ಲಿ, ಗಂಡ ಸವಣೂರಿನಲ್ಲಿ

ಸವಣೂರಿನ ಗಂಡನ ಮನೆಯಲ್ಲಿ ಹೊಡೆತ ತಾಳಲಾರದೆ ಹೆಣ್ಣುಮಗಳೊಬ್ಬಳು ಹಾನಗಲ್ಲಿನ ತವರಿಗೆ ಬಂದಿದ್ದಾಳೆ ಅಂತ ಇಟ್ಕೊಳ್ಳಿ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆಯಡಿ ಆಕೆ ಹಾನಗಲ್ಲಿನ ಕೋರ್ಟಿಗೇ ಅರ್ಜಿ ಹಾಕಬಹುದು. ತಾತ್ಕಾಲಿಕವಾಗಿ ಉಳಿದಿರುವ ಊರಾದರೂ ಸಾಕು. ಗಂಡ ಹೊಡೆಯುವಂತಿಲ್ಲ ಅಂತ ಮ್ಯಾಜಿಸ್ಟ್ರೇಟ್ ರಕ್ಷಣಾ ಆದೇಶ ಕೊಟ್ಟರು. ಆ ಧೈರ್ಯದ ಮೇಲೆ ಆಕೆ ಸವಣೂರಿಗೆ ವಾಪಸ್ ಹೋದಳು. ರಾತ್ರಿ ಮತ್ತೆ ಹೊಡೆತ. ಅಲ್ಲಿನ ಠಾಣೆಗೆ ಫೋನ್ ಮಾಡಿದರೆ ಬರಬಹುದಾದ ಮೊದಲ ಪ್ರಶ್ನೆ: “ಯಾವ ಆರ್ಡರ್?”

ಇದಕ್ಕೆ ಪೊಲೀಸರನ್ನಷ್ಟೇ ಬೈದರೆ ಆಗಲ್ಲ. ಕಾಯ್ದೆಯ 24ನೇ ಸೆಕ್ಷನ್ ಓದಿ. ಆದೇಶದ ಪ್ರತಿಯನ್ನು ಎರಡೂ ಕಡೆಯವರಿಗೆ ಮತ್ತು ಪೊಲೀಸ್ ಠಾಣೆಗೆ ಉಚಿತವಾಗಿ ಕೊಡಬೇಕು ಅನ್ನುತ್ತೆ. ಯಾವ ಠಾಣೆಗೆ? ಅರ್ಜಿ ಹಾಕಿದ ಕಡೆಯ ಠಾಣೆಗೆ. ಅಂದರೆ ಹಾನಗಲ್ಲಿಗೆ. ಹೊಡೆಯುವವನು ಇರೋದು ಸವಣೂರಿನಲ್ಲಿ! ಪ್ರತಿ ಎಷ್ಟು ದಿನದೊಳಗೆ ತಲುಪಬೇಕು ಅನ್ನೋದೂ ಅಲ್ಲಿಲ್ಲ.

ವಿಚಿತ್ರ ಅಂದರೆ, ಇದೇ ಕಾಯ್ದೆಯಲ್ಲಿ ಬೇರೆ ಹಂತಗಳಿಗೆ ಗಡುವಿದೆ. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ, ನೋಟಿಸ್ ಮುಟ್ಟಿಸಲು ಸಂರಕ್ಷಣಾಧಿಕಾರಿಗೆ 2 ದಿನ, ಇತ್ಯರ್ಥಕ್ಕೆ 60 ದಿನದ ಗುರಿ. (ಪಾಲನೆ ಆಗುತ್ತಾ ಅನ್ನೋದು ಬೇರೆ ಮಾತು. ನಮ್ಮಲ್ಲಿ ಸಂರಕ್ಷಣಾಧಿಕಾರಿ ಅಂದರೆ ತಾಲೂಕಿನ ಸಿಡಿಪಿಒ, ಅಂಗನವಾಡಿಗಳ ಹೊರೆಯೂ ಅವರ ಮೇಲೇ.) ರಕ್ಷಣಾ ಆದೇಶ ಮೀರಿದರೆ 1 ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜಾಮೀನು ರಹಿತ ಅಪರಾಧ, ವಾರಂಟ್ ಇಲ್ಲದೆಯೇ ಬಂಧಿಸಬಹುದು. ಇಷ್ಟು ಬಿಗಿಯಾದ ಕಾನೂನು, ಠಾಣೆಯಲ್ಲಿ ಕಾಗದ ಇಲ್ಲ ಅಂತ ಸುಮ್ಮನೆ ಕೂರುತ್ತೆ.

ತಂತ್ರಜ್ಞಾನ ಇಲ್ಲ ಅನ್ನಬೇಡಿ. ಆಗ್ರಾ ಜೈಲಿನ 13 ಕೈದಿಗಳಿಗೆ ಜಾಮೀನು ಸಿಕ್ಕರೂ ಬಿಡುಗಡೆ ತಡವಾದಾಗ ಸುಪ್ರೀಂ ಕೋರ್ಟ್ 2021ರಲ್ಲಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. 2022ರ ಮಾರ್ಚ್ 31ರಂದು ‘ಫಾಸ್ಟರ್’ ವ್ಯವಸ್ಥೆ ಶುರುವಾಗಿ, ಆದೇಶದ ಇ-ಪ್ರತಿ ನೇರವಾಗಿ ಜೈಲಿಗೇ ಹೋಗುವಂತಾಯಿತು. ದೆಹಲಿಯಿಂದ ಜೈಲಿಗೆ ಹೋಗೋದು ಹಾನಗಲ್ಲಿನಿಂದ ಸವಣೂರಿಗೆ ಹೋಗಲ್ವಾ?

ಹಿರೇಕೆರೂರಿನ ಮಗಳು ಶಿಗ್ಗಾಂವಿಯ ಸೊಸೆ. ಹಾವೇರಿ ಜಿಲ್ಲೆಯಲ್ಲಿ ಸಂಬಂಧ ಬೆಳೆಸೋರು ತಾಲೂಕಿನ ಗಡಿ ನೋಡಲ್ಲ. ಹಾಗಾಗಿ ಕಾಯ್ದೆಯ ತಿದ್ದುಪಡಿಗೆ ಕಾಯೋದು ಬೇಡ ಅಂತೀನಿ. ‘ಗಂಡನ ಊರಿನ ಠಾಣೆಗೂ ಇವತ್ತೇ ಇ-ಮೇಲ್ ಮಾಡಿ’ ಅಂತ ಆದೇಶದಲ್ಲೇ ಒಂದು ಸಾಲು ಸೇರಲಿ. ನಿಮ್ಮ ವಕೀಲರಿಂದ ಅದನ್ನು ಕೇಳಿಸಿ. ಫೀಸಿಗೆ ದುಡ್ಡಿಲ್ಲದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯ ಮಿತಿ ಇಲ್ಲ. ಪ್ರತಿ ಕೈಗೆ ಬಂದ ದಿನವೇ ಒಂದು ಜೆರಾಕ್ಸ್ ಆ ಠಾಣೆಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ.